ಆರನೆಯ ಕಾರಣ

ಒಂದು ಕೈಗಾರಿಕೆ ಒಂದು ಊರನ್ನು ಆರಿಸಿಕೊಳ್ಳಲು ಆರು ಕಾರಣಗಳಿರುತ್ತವೆ. ಇದನ್ನು ಸರ್ಕಾರವೇ ನಿಗದಿಪಡಿಸಿದೆ. ಜಮೀನು, ನೀರು, ವಿದ್ಯುತ್, ರಸ್ತೆ, ಕುಶಲ ಕಾರ್ಮಿಕರು ಎಂಬ ಐದನ್ನು ನಮೂನೆಯಲ್ಲಿ ಅಚ್ಚು ಹಾಕಿಸಲಾಗಿದೆ. ಆರನೆಯದು ‘ಇತರೆ’. ಅದರ ಎದುರಿಗೆ ಅರ್ಧ ಸಾಲು ಜಾಗ ಬಿಡಲಾಗಿದ್ದು, ಅಲ್ಲಿ ‘ಇಲ್ಲ’ ಎಂದು ಬರೆಯುವುದು ವಾಡಿಕೆ.

ಕಾರವಾರದ ಕಾಜುಬಾಗದಲ್ಲಿದ್ದ ಕರಾವಳಿ ಉದ್ಯಮ ಸ್ವಾಗತ ಕೋಶದ ಕಪಾಟುಗಳಲ್ಲಿ ಈ ನಮೂನೆಗಳು ಕಟ್ಟುಗಟ್ಟಲೆ ಇದ್ದವು. ತುಂಬಿದ್ದು ಒಂದೂ ಇರಲಿಲ್ಲ. ಉದ್ಯಮ ಬಂದ ಮೇಲೆ ಅದು ಯಾಕೆ ಬಂತು ಎಂದು ತುಂಬಬೇಕಾದ ನಮೂನೆ ಅದು. ಉದ್ಯಮ ಬಂದಿರಲಿಲ್ಲ.

ಆದರೂ ಕೋಶಕ್ಕೆ ‘ಕಾರಣ ವಿಶ್ಲೇಷಕಿ’ ಎಂಬ ಹುದ್ದೆ ಮಂಜೂರಾಗಿ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನಾಗಶ್ರೀಯನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡರು. ವಿಶ್ಲೇಷಿಸಲು ಕಾರಣಗಳು ಇಲ್ಲದ್ದರಿಂದ ಅವಳು ಮೊದಲ ಕೆಲವು ವಾರ, ಉದ್ಯಮಗಳು ಯಾಕೆ ಬರುತ್ತಿಲ್ಲ ಎಂದು ಹಳೆಯ ಕಡತಗಳನ್ನು ಓದಿ ಟಿಪ್ಪಣಿ ಮಾಡಿದಳು. ಉಪನಿರ್ದೇಶಕ ಮಂಗೇಶ ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

“ಬಂದದ್ದಕ್ಕೆ ಕಾರಣ ಹುಡುಕೋದು ನಿಮ್ಮ ಕೆಲಸ,” ಎಂದರು. “ಬಾರದ್ದಕ್ಕೆ ಕಾರಣ ಹುಡುಕುವ ಹುದ್ದೆ ಇನ್ನೂ ಮಂಜೂರಾಗಿಲ್ಲ. ಇನ್ನೊಬ್ಬರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?”

ನಾಗಶ್ರೀ ಟಿಪ್ಪಣಿಯನ್ನು ಕಪಾಟಿನಲ್ಲಿಟ್ಟಳು.

ಹೂಡಿಕೆದಾರರನ್ನು ಕೋಶ ಕರೆಸುತ್ತಿದ್ದದ್ದು ಸೋಮವಾರ ಮಾತ್ರ. ಇದಕ್ಕೆ ಸುತ್ತೋಲೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ವಾರದ ಉಳಿದ ದಿನಗಳಲ್ಲಿ ಮಧ್ಯಾಹ್ನವಾದೊಡನೆ ಕಚೇರಿಯವರೆಲ್ಲ ಊಟಕ್ಕೆ ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ಮೀನು ಕಾದಿರುತ್ತಿತ್ತು. ಮೀನಿನೂಟವೆಂದರೆ ಮುಳ್ಳು ಬಿಡಿಸಬೇಕು, ಅದು ಅವಸರದ ಕೆಲಸವಲ್ಲ. ಉಂಡ ಮೇಲೆ ತುಸು ಒರಗಬೇಕು, ಅದಂತೂ ಅವಸರದ್ದು ಅಲ್ಲವೇ ಅಲ್ಲ. ಸೋಮವಾರ ಶಿವನ ವಾರ. ಯಾರ ಮನೆಯಲ್ಲೂ ಮೀನಿಲ್ಲ, ಮನೆಗೆ ಓಡುವ ತುರ್ತೂ ಯಾರಿಗಿಲ್ಲ. ಆದ್ದರಿಂದ ಆ ದಿನವನ್ನು ಕೋಶವು ಪೂರ್ತಿಯಾಗಿ ಕೈಗಾರಿಕೀಕರಣಕ್ಕೆ ಮೀಸಲಿಟ್ಟಿತ್ತು.

ಹೂಡಿಕೆದಾರರು ಸೋಮವಾರ ಬೆಳಿಗ್ಗೆ ಬರುತ್ತಿದ್ದರು. ಕಿನ್ನರದಲ್ಲಿ ಜಾಗ ನೋಡುತ್ತಿದ್ದರು, ಹಣಕೋಣದಲ್ಲಿ ನೋಡುತ್ತಿದ್ದರು. ಮಧ್ಯಾಹ್ನ ಕೋಶದ ಸಭಾಂಗಣದಲ್ಲಿ ತೊವ್ವೆ, ಎಲೆಕೋಸಿನ ಪಲ್ಯ, ನೀರು ಮಜ್ಜಿಗೆಯ ಊಟ ಮಾಡುತ್ತಿದ್ದರು. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಅವರು ಒಮ್ಮೆ ಸಮುದ್ರವನ್ನು, ಒಮ್ಮೆ ಎಲೆಕೋಸನ್ನು ನೋಡಿ, ತಿಳಿಸುತ್ತೇವೆಂದು ಹೇಳಿ ಸಂಜೆಯ ರೈಲಿಗೆ ಹೋಗುತ್ತಿದ್ದರು. ತಿಳಿಸುತ್ತಿರಲಿಲ್ಲ.

ಪುಣೆಯ ನೀರಿನ ಮೀಟರ್ ಕಂಪನಿಯವರೂ ಸೋಮವಾರವೇ ಬರಬೇಕಿತ್ತು. ಅಣಶಿ ಘಟ್ಟದಲ್ಲಿ ಅವರ ಕಾರು ಕೆಟ್ಟು, ಮಂಗಳವಾರ ಬಂದರು. ಕಂಪನಿಯ ಸ್ಥಳ ನಿರ್ಧಾರ ವಿಭಾಗದ ಮುಖ್ಯಸ್ಥ ಸುಜಯ ಮೂಲತಃ ಬೆಳಗಾವಿಯವನು; ಜೊತೆಯಲ್ಲಿ ಇಬ್ಬರು ಇಂಜಿನಿಯರುಗಳು. ಹಿಂದಿನ ದಿನವೆಲ್ಲ ಅವರಿಗಾಗಿ ಕಾದು ದಣಿದಿದ್ದ ಮಂಗೇಶ, ಆ ಬೆಳಿಗ್ಗೆ ಪೇಟೆಯಲ್ಲಿ ಒಳ್ಳೆಯ ನೊಗ್ಲಿ ಮೀನು ಸಿಕ್ಕಿತೆಂಬ ಸುದ್ದಿ ಮನೆಯಿಂದ ಬಂದದ್ದರಿಂದ, ಜಾಗ ತೋರಿಸುವ ಹೊಣೆಯನ್ನು ನಾಗಶ್ರೀಗೆ ವಹಿಸಿದರು.

ನಾಗಶ್ರೀ ಅವರನ್ನು ಹಣಕೋಣಕ್ಕೆ ಕರೆದೊಯ್ದಳು. ಆಮೇಲೆ ಅಂಕೋಲೆಯ ಕಡೆ ಹೊರಟು ಹಿಲ್ಲೂರಿಗೆ ಕರೆದೊಯ್ದಳು. ಅಲ್ಲಿ ತೋರಿಸಬೇಕಾದ ಜಮೀನಿನ ಮೇಲೆ ಕಾಡು ನಿಂತಿತ್ತು, ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯ ಕಲ್ಲು ನಿಂತಿತ್ತು. ಕೊನೆಗೆ ಹೆದ್ದಾರಿಗೆ ಮರಳಿ ಅವರ್ಸಾದ ಖಾಲಿ ಜಾಗಕ್ಕೆ ಬರುವಾಗ ಬಿಸಿಲು ನೆತ್ತಿಗೇರಿತ್ತು. ಅತಿಥಿಗಳಿಗೆ ಹಸಿವಾಗಿತ್ತು. ಮಂಗಳವಾರ ಅತಿಥಿಗಳಿಗೆ ಎಲ್ಲಿ ಊಟ ಹಾಕಿಸಬೇಕೆಂದು ಯಾವ ಕಡತದಲ್ಲೂ ಇರಲಿಲ್ಲ. ಆ ಜಾಗಕ್ಕೆ ತಾಗಿಯೇ ಅವಳ ಮಾವಶಿಯ ಖಾನಾವಳಿ ಇತ್ತು.

ಮಾವಶಿ ಎಂದರೆ ತಾಯಿಯ ತಂಗಿ, ಹೀರಾ. ಗಂಡ ದೋಣಿಯಲ್ಲಿ ಹೋಗಿ ಮರಳದ ವರ್ಷ, ಮನೆಯ ಮುಂದಿನ ಜಗಲಿಗೆ ತಗಡು ಇಳಿಸಿ, ಬೆಂಚು ಹಾಕಿ ಖಾನಾವಳಿ ತೆರೆದವಳು. ನಾಗಶ್ರೀ ಹೈಸ್ಕೂಲಿನಿಂದಲೂ ಅವಳ ಮನೆಯಲ್ಲೇ ಇದ್ದಳು. ಭೌತಶಾಸ್ತ್ರವನ್ನು ಅದೇ ಬೆಂಚಿನ ಮೇಲೆ, ಗಿರಾಕಿಗಳು ಎದ್ದ ಮೇಲೆ, ಒರೆಸಿಕೊಂಡು ಓದಿದ್ದಳು. ಬೇಲೆಕೇರಿಯಿಂದ ಮೀನು ತಂದುಕೊಡುವ ದುರ್ಗಪ್ಪ, ಕಾರವಾರ–ಅಂಕೋಲಾ ಬಸ್ಸಿನ ಕಂಡಕ್ಟರ್ ವಿಕಾಸ, ಶಾಲೆಯ ಸಂಧ್ಯಾ ಟೀಚರು, ಇವರೆಲ್ಲ ದಿನದ ಗಿರಾಕಿಗಳು. ಹೀರಾ ಇವರಿಂದ ಊಟಕ್ಕೆ ದುಡ್ಡು ತೆಗೆದುಕೊಳ್ಳುತ್ತಿದ್ದಳು, ದನಿಯೆತ್ತಿ ಬಯ್ಯುವುದಕ್ಕೆ ಪ್ರತ್ಯೇಕವಾಗಿ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಎರಡೂ ಒಂದೇ ತಟ್ಟೆಯಲ್ಲಿ ಬರುತ್ತಿದ್ದವು.

ಅಂದು ಕೆಂಪು ಕುಚ್ಚಿಗೆ ಅನ್ನಕ್ಕೆ ಬಂಗಡೆ ಸಾರು ಇತ್ತು, ತಿಸರೆ ಚಿಪ್ಪಿನ ಸುಕ್ಕ ಇತ್ತು, ರವೆ ಹಚ್ಚಿ ಹುರಿದ ನೊಗ್ಲಿ ಇತ್ತು, ಕೊನೆಗೆ ಕುಡಿಯಲು ಮುರುಗಲು ಹುಳಿಯ ಸೋಲ್‌ಕಡಿ ಇತ್ತು. ಸುಜಯ ಮೊದಲ ತುತ್ತಿನ ತನಕ ವಿದ್ಯುತ್ ದರದ ಬಗ್ಗೆ ವಿಚಾರಿಸುತ್ತಿದ್ದ. ಆಮೇಲೆ ವಿಚಾರಿಸಲಿಲ್ಲ. ಇಂಜಿನಿಯರುಗಳೂ ತಲೆಯೆತ್ತಲಿಲ್ಲ. ಮೂರನೆಯ ಸಲ ಸಾರು ಹಾಕಿಸಿಕೊಂಡ ಮೇಲೆ ಸುಜಯ ಹೀರಾಳನ್ನು ಕೇಳಿದ.

“ಇದು ದಿನಾ ಇರ್ತದೇನ್ರಿ?”

“ಸೋಮವಾರ ಇಲ್ಲ. ಮಳೆಗಾಲದಲ್ಲಿ ದೋಣಿ ಬಂದ್ ಇದ್ದಾಗ ಒಣಮೀನು.”

“ಒಣಮೀನು ಹೆಂಗಿರ್ತದ?”

ಹೀರಾ ಒಳಗೆ ಹೋಗಿ, ಒಣ ಸಿಗಡಿಗೆ ತೆಂಗಿನತುರಿ ಕಲಸಿದ ಕಿಸ್ಮೂರಿ ತಂದು ತಟ್ಟೆಯ ಅಂಚಿಗೆ ಹಾಕಿದಳು. ಸುಜಯ ಅದನ್ನು ತಿಂದ. ಬೆರಳು ಒರೆಸಿಕೊಂಡು, ಕಿನ್ನರದ ಜಾಗ ನೋಡುವುದು ಬೇಡವೆಂದೂ ಕಂಪನಿಯು ಅವರ್ಸಾವನ್ನು ಆರಿಸಿದೆಯೆಂದೂ ತಿಳಿಸಿದ.

ನಾಗಶ್ರೀ ತನ್ನ ಹುದ್ದೆಗೆ ತಕ್ಕಂತೆ ಕಾರಣ ಕೇಳಿದಳು.

“ಜಮೀನು ಎಲ್ಲಾ ಕಡೆ ಕೊಡ್ತಾರ್ರಿ,” ಎಂದ ಸುಜಯ. “ನೀರು ಎಲ್ಲಾ ಕಡೆ ಕೊಡ್ತೀವಿ ಅಂತಾರ, ಎಲ್ಲೂ ಕೊಡೂದಿಲ್ಲ. ಕಾರ್ಖಾನಿ ಎಲ್ಲೇ ಆಗಲಿ, ಅದಕ್ಕ ಮುಖ್ಯಸ್ಥ ಆಗಿ ಹೋಗಾಂವ ನಾನ. ಅಲ್ಲಿ ವರ್ಷಗಟ್ಟಲೆ ಮಧ್ಯಾಹ್ನ ನಾ ಏನ್ ಉಣ್ಣಬೇಕು ಅಂತ ಇಲ್ಲೀತನಕ ಒಂದು ಸರ್ಕಾರನೂ ಹೇಳಿದ್ದಿಲ್ಲ.”

ಮರುದಿನ ನಾಗಶ್ರೀ ಕೋಶದ ಇತಿಹಾಸದಲ್ಲಿ ಮೊದಲ ನಮೂನೆಯನ್ನು ತುಂಬಿದಳು. ಐದು ಕಾರಣಗಳ ಎದುರಿಗೆ ‘ಇಲ್ಲ’ ಎಂದು ಬರೆದಳು. ಆರನೆಯದರ ಎದುರಿಗೆ ‘ಮಧ್ಯಾಹ್ನದ ಮೀನಿನೂಟ’ ಎಂದು ಬರೆದಳು. ಅವಳಿಗೆ ತಿಳಿದಿದ್ದ ಪ್ರಕಾರ ಅದು ಸತ್ಯವಾಗಿತ್ತು.

ಮಂಗೇಶ ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಓದಿದರು. ಊಟವೆಂದು ಬರೆದರೆ ಲೆಕ್ಕ ಪರಿಶೋಧಕರು ಉಂಡವರು ಯಾರೆಂದು ಕೇಳುತ್ತಾರೆ ಎಂದರು. ಸಂಜೆಯ ತನಕ ಇಬ್ಬರೂ ಕೂತು ಅದನ್ನು ‘ಸ್ಥಳೀಯ ಜಲಚರ ಸಂಪನ್ಮೂಲದ ಸಂಸ್ಕರಿತ ರೂಪದ ಸನ್ನಿಹಿತ ಲಭ್ಯತೆ’ ಎಂದು ಸರಳಗೊಳಿಸಿದರು. ನಮೂನೆ ಬೆಂಗಳೂರಿಗೆ ಹೋಯಿತು.

ಬೆಂಗಳೂರಿನ ನಿರ್ದೇಶನಾಲಯದಿಂದ ಬಂದ ಸುತ್ತೋಲೆ ಹೀಗಿತ್ತು: “ಆರನೆಯ ಕಾರಣವು ರಾಜ್ಯದಲ್ಲಿ ಪ್ರಥಮ ಬಾರಿಗೆ ಭರ್ತಿಯಾಗಿರುವುದು ಶ್ಲಾಘನೀಯ. ಸದರಿ ಕಾರಣವನ್ನು ಸಂರಕ್ಷಿಸುವ ದೃಷ್ಟಿಯಿಂದ, ಸೋಮವಾರದ ಸ್ಥಳ ಭೇಟಿಗಳನ್ನು ಈ ಮೂಲಕ ರದ್ದುಪಡಿಸಿದೆ. ಮೀನುಗಾರಿಕೆ ನಿಷೇಧದ ದಿನಗಳನ್ನು ಹೂಡಿಕೆಯ ಸುಪ್ತಾವಧಿ ಎಂದು ಪರಿಗಣಿಸತಕ್ಕದ್ದು. ಕಾರಣದ ಗುಣಮಟ್ಟವನ್ನು ಸ್ಥಳದಲ್ಲೇ ಪ್ರತಿದಿನ ಪರಿಶೀಲಿಸಲು ಸಮಿತಿ ರಚಿಸತಕ್ಕದ್ದು.”

ಸಮಿತಿ ರಚನೆಯಾಯಿತು. ಮಂಗೇಶ ಅಧ್ಯಕ್ಷರು. ಕಚೇರಿಯ ಜೀಪು ಸೋಮವಾರ ಬಿಟ್ಟು ದಿನವೂ ಮಧ್ಯಾಹ್ನ ಅವರ್ಸಾಕ್ಕೆ ಹೋಗತೊಡಗಿತು. ಸದಸ್ಯರು ಕಾರಣವನ್ನು ಪರಿಶೀಲಿಸಿ, ತೃಪ್ತಿಕರವೆಂದು ಬರೆದು, ಜೀಪಿನಲ್ಲೇ ತುಸು ಒರಗುತ್ತಿದ್ದರು. ಒಂದು ದಿನ ಮಾತ್ರ ಸಾರಿಗೆ ತೆಪ್ಪಲಕಾಯಿಯ ಘಾಟು ಹೆಚ್ಚಾಗಿದೆಯೆಂದು ಭಿನ್ನಾಭಿಪ್ರಾಯ ದಾಖಲಾಯಿತು. ಅದನ್ನು ಕೇಳಿದ ಹೀರಾ, ಮನೆಯಲ್ಲಿ ಹೆಂಡತಿಯ ಎದುರು ಹೀಗೆ ಬರೆಯುವ ಧೈರ್ಯ ಇದೆಯೇ ಎಂದು ವಿಚಾರಿಸಿದಳು. ಭಿನ್ನಾಭಿಪ್ರಾಯವನ್ನು ಹಿಂಪಡೆಯಲಾಯಿತು.

ಇಲ್ಲಿಯ ತನಕ ಎಲ್ಲವೂ ಕ್ರಮಬದ್ಧವಾಗಿತ್ತು. ಇದರ ನಂತರವೂ ಕ್ರಮಬದ್ಧವಾಗಿಯೇ ಇತ್ತು.

ಕೈಗಾರಿಕೆಗೆ ಕೊಡುವ ಸೌಲಭ್ಯಗಳೆಲ್ಲ ಅದರ ಆವರಣದ ಒಳಗೇ ದೊರೆಯಬೇಕೆಂದು ನಿಯಮವಿದೆ. ನೀರಿನ ಕೊಳವೆ ಗೋಡೆಯ ಹೊರಗೆ ನಿಂತರೆ ಅದು ನೀರು ಕೊಟ್ಟಂತಲ್ಲ. ವಿದ್ಯುತ್ ತಂತಿ ಗೇಟಿನ ತನಕ ಬಂದರೆ ಅದು ವಿದ್ಯುತ್ ಕೊಟ್ಟಂತಲ್ಲ. ಖಾನಾವಳಿ ಕಂಪನಿಯ ಜಾಗದ ಬೇಲಿಯ ಆಚೆ ಇತ್ತು. ಕಾರಣವನ್ನು ಆವರಣದೊಳಕ್ಕೆ ತರಲು ಆವರಣವನ್ನು ಖಾನಾವಳಿಯ ಹಿತ್ತಿಲ ತನಕ ವಿಸ್ತರಿಸಲಾಯಿತು. ಕೈಗಾರಿಕೆಗೆ ಜಾಗವನ್ನು ಹಸ್ತಾಂತರಿಸುವಾಗ ಅದರ ಮೇಲೆ ಯಾವ ಕಟ್ಟಡವೂ ಇರಕೂಡದೆಂಬುದು ಇನ್ನೊಂದು ನಿಯಮ. ಹೀಗಾಗಿ ಹೀರಾಳ ಖಾನಾವಳಿಯನ್ನು ತೆರವುಗೊಳಿಸಲು ನೋಟಿಸು ಬಂತು. ಮೀನಿನೂಟ ಸಮೀಪದಲ್ಲಿರಬೇಕೆಂಬ ಕಾರಣಕ್ಕಾಗಿ, ಎಂದು ಅದರಲ್ಲಿ ಸ್ಪಷ್ಟವಾಗಿ ನಮೂದಿಸಲಾಗಿತ್ತು.

ನೋಟಿಸನ್ನು ನಾಗಶ್ರೀಯೇ ಓದಿ ಹೇಳಬೇಕಾಯಿತು. ಹೀರಾ ತಿಸರೆ ಬಿಡಿಸುತ್ತ ಕೂತಿದ್ದಳು. ಅವಳ ಕತ್ತಿ ನಿಲ್ಲಲಿಲ್ಲ.

“ಅಂದ್ರೆ, ನನ್ನ ಊಟ ಲಾಯ್ಕ ಅದೆ ಅಂತ ನನ್ನ ಮನೆ ಒಡೀತಾರೆ.”

“ಹಾಗೆ ಬರೆದಿಲ್ಲ, ಮಾವಶಿ.”

“ಮತ್ತೆ ಎಂಥಾ ಗೋ ಬರೆದದ್ದು? ನೀ ಬರೆದದ್ದೇ ಅಲ್ವಾ ಅದು?”

ಅದು ನಿಜವಾಗಿತ್ತು. ನಾಗಶ್ರೀ ನೋಟಿಸನ್ನು ಮಡಚಿದಳು. ಹೀರಾ ಚಿಪ್ಪುಗಳನ್ನು ಬುಟ್ಟಿಗೆ ಸುರಿದು ಎದ್ದಳು. ಒಡೆಯುವುದಿದ್ದರೆ ಸೋಮವಾರ ಒಡೆಯಲಿ, ಆ ದಿನ ಗಿರಾಕಿ ಇರುವುದಿಲ್ಲ, ಎಂದು ಕೋಶಕ್ಕೆ ತಿಳಿಸಲು ಹೇಳಿದಳು. ಅಂದು ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಹೀರಾಳ ಸಾರಿನಲ್ಲಿ ಉಪ್ಪು ಹೆಚ್ಚಾದದ್ದನ್ನು ನಾಗಶ್ರೀ ಅದಕ್ಕೆ ಮುಂಚೆ ಕಂಡಿದ್ದು ಒಮ್ಮೆ, ದೋಣಿ ಮರಳದ ಆ ವಾರ.

ಮರುದಿನ ಅವಳು ಮಂಗೇಶರ ಎದುರು ನಿಂತು ವಿಷಯವನ್ನು ಕ್ರಮವಾಗಿ ಇಟ್ಟಳು. ಕಂಪನಿ ಬರುತ್ತಿರುವುದು ಖಾನಾವಳಿಗಾಗಿ. ಖಾನಾವಳಿಯನ್ನು ಒಡೆದರೆ ಕಾರಣ ಇಲ್ಲವಾಗುತ್ತದೆ. ಕಾರಣವಿಲ್ಲದ ಮೇಲೆ ಕಂಪನಿ ಯಾಕೆ ಬರುತ್ತದೆ?

“ಕಾರಣ ಒಮ್ಮೆ ದಾಖಲಾಯ್ತು ಅಂದ್ರೆ ಮುಗೀತು ತಂಗಿ,” ಎಂದರು ಮಂಗೇಶ. ಮನಸ್ಸು ಮೆತ್ತಗಾದಾಗ ಅವರು ಅವಳನ್ನು ತಂಗಿ ಎನ್ನುತ್ತಿದ್ದರು. “ಆಮೇಲೆ ಖಾನಾವಳಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಫೈಲಿನಲ್ಲಿ ಅದು ಇದ್ದೇ ಇರ್ತದೆ.”

“ಫೈಲನ್ನ ಉಣ್ಣಲಿಕ್ಕೆ ಆಗೋದಿಲ್ಲ ಸರ್.”

ಮಂಗೇಶ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೂ ಈಗ ಅವರ್ಸಾದ ಊಟ ರೂಢಿಯಾಗಿತ್ತು. ಮನೆಯಲ್ಲಿ ಈ ಬಗ್ಗೆ ಮಾತು ಬೆಳೆದಿತ್ತು ಕೂಡ. ಕಾರ್ಖಾನೆಯ ಕ್ಯಾಂಟೀನಿಗೆ ಟೆಂಡರು ಕರೆಯುತ್ತಾರೆ, ಹೀರಾಬಾಯಿ ಅರ್ಜಿ ಹಾಕಲಿ, ಎಂದರು. ನಾಗಶ್ರೀ ಷರತ್ತುಗಳನ್ನು ತರಿಸಿ ಓದಿದಳು. ಅರ್ಜಿದಾರರಿಗೆ ಆ ಕಾರ್ಖಾನೆಯಲ್ಲೇ ಕ್ಯಾಂಟೀನು ನಡೆಸಿದ ಅನುಭವ ಇರಬೇಕಿತ್ತು. ಕಾರ್ಖಾನೆ ಇನ್ನೂ ಕಟ್ಟಿರಲಿಲ್ಲವಾದ್ದರಿಂದ ಸ್ಪರ್ಧೆ ತೀವ್ರವಾಗಿರಲಿಲ್ಲ, ಅರ್ಹರೂ ಇರಲಿಲ್ಲ.

ನಾಗಶ್ರೀ ಆಮೇಲೆ ತಾನು ಕಲಿತ ರೀತಿಯಲ್ಲೇ ಯೋಚಿಸಿದಳು. ಆವರಣದೊಳಗೆ ಇದ್ದೂ ಒಡೆಯಲಾಗದ್ದು ಏನಾದರೂ ಇದೆಯೇ? ಇತ್ತು. ಕೋಶ ಹುಟ್ಟುವ ಮುಂಚೆ ಅಂಕೋಲೆಯ ಹೊರಗೆ ಒಂದು ಜಾಗವನ್ನು ಹಸ್ತಾಂತರಿಸುವಾಗ ಅಲ್ಲಿದ್ದ ಟ್ರಾನ್ಸ್‌ಫಾರ್ಮರನ್ನು ಯಾರೂ ಮುಟ್ಟಿರಲಿಲ್ಲ. ಯಾಕೆಂದರೆ ವಿದ್ಯುತ್ ಮೂರನೆಯ ಕಾರಣ. ಟ್ರಾನ್ಸ್‌ಫಾರ್ಮರು ಅದರ ಮೂಲಸೌಕರ್ಯ. ಕಾರಣವನ್ನು ಒದಗಿಸುವ ಮೂಲಸೌಕರ್ಯವನ್ನು ಕಟ್ಟಡವೆಂದು ಎಣಿಸುವಂತಿಲ್ಲ. ಹಾಗಿದ್ದರೆ ಆರನೆಯ ಕಾರಣವನ್ನು ಒದಗಿಸುವ ಖಾನಾವಳಿಯೂ ಕಟ್ಟಡವಲ್ಲ. ಅವಳು ಒಂದು ಪುಟದ ಟಿಪ್ಪಣಿ ಬರೆದಳು. ಮಂಗೇಶ ಅದಕ್ಕೆ ಒಂದಕ್ಷರವನ್ನೂ ಸೇರಿಸದೆ ಸಹಿ ಹಾಕಿದರು. ಅವರ ಸೇವಾವಧಿಯಲ್ಲಿ ಹಾಗೆ ಮತ್ತೊಮ್ಮೆ ಆಗಲಿಲ್ಲವೆಂದು ಆಮೇಲೆ ಕಚೇರಿಯವರು ಹೇಳಿದರು.

ಬೆಂಗಳೂರು ಒಪ್ಪಿತು. ಹೀರಾಳ ಖಾನಾವಳಿಯನ್ನು ಮೂಲಸೌಕರ್ಯವೆಂದು ಘೋಷಿಸಲಾಯಿತು. ಮನೆ ಉಳಿಯಿತು. ಅಂದು ಹೀರಾ ಹುರಿದ ಮೀನಿನ ತಟ್ಟೆಯನ್ನು ನಾಗಶ್ರೀಯ ಕಡೆ ತಳ್ಳಿ, ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಮೂಲಸೌಕರ್ಯಕ್ಕೆ ಬೇಲಿ ಹಾಕಬೇಕೆಂದು ನಿಯಮವಿದೆ. ಮುಂದಿನ ವಾರ ಖಾನಾವಳಿಯ ಸುತ್ತ ತಂತಿ ಬೇಲಿ ಬಂತು. ಬೇಲಿಗೆ ಫಲಕ ಬೇಕಿತ್ತು. ಉಗ್ರಾಣದಲ್ಲಿ ತಲೆಬುರುಡೆಯ ಚಿತ್ರವಿದ್ದ ‘ಅಪಾಯ’ ಫಲಕಗಳು ಮಾತ್ರ ಇದ್ದುದರಿಂದ ಅವನ್ನೇ ತೂಗುಹಾಕಿದರು. ಗೇಟಿಗೆ ಕಿಶನ ಎಂಬ ಕಾವಲುಗಾರ ಬಂದ. ಮೂಲಸೌಕರ್ಯವನ್ನು ಉದ್ಯಮಗಳು ಮಾತ್ರ ಬಳಸಬಹುದು, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಬೇಲಿಯ ಸುತ್ತ ಸುರಕ್ಷತೆಗಾಗಿ ಖಾಲಿ ಜಾಗ ಬಿಡಬೇಕೆಂದೂ ನಿಯಮವಿದ್ದು, ಹಾಗೆ ಬಿಟ್ಟ ಮೇಲೆ ಕಂಪನಿಯ ಜಾಗದಲ್ಲಿ ಒಂದು ಹಲಸಿನ ಮರ, ಅದರ ನೆರಳು ಉಳಿದವು. ಸುಜಯ ನೆರಳಿನಲ್ಲಿ ಮೇಜು ಹಾಕಿ, ‘ಪ್ರಸ್ತಾವಿತ ಘಟಕ’ ಎಂದು ಬೋರ್ಡು ಬರೆಸಿ, ಮುಖ್ಯಸ್ಥನಾಗಿ ಅಧಿಕಾರ ವಹಿಸಿಕೊಂಡ. ಮಧ್ಯಾಹ್ನವಾದರೆ ಎದ್ದು ಗೇಟಿನ ಒಳಗೆ ಹೋಗುತ್ತಿದ್ದ. ಕೆಲಸ ಹೇಗೆ ಸಾಗಿದೆ ಎಂದು ಪುಣೆಯಿಂದ ಫೋನು ಬಂದರೆ, ತೃಪ್ತಿಕರ ಎನ್ನುತ್ತಿದ್ದ.

ತೊಂದರೆಯಾದದ್ದು ಹಳೆಯ ಗಿರಾಕಿಗಳಿಗೆ. ಸಂಧ್ಯಾ ಟೀಚರು ಗೇಟಿನಲ್ಲಿ ತಲೆಬುರುಡೆ ನೋಡಿ ಹಿಂದೆ ಹೋದರು. ವಿಕಾಸ ಬಸ್ಸು ನಿಲ್ಲಿಸಿ ಬೇಲಿಯ ಹೊರಗಿನಿಂದಲೇ ಪರಿಮಳ ತೆಗೆದುಕೊಂಡು ಹೋಗುತ್ತಿದ್ದ. ಬೆಳಿಗ್ಗೆ ದುರ್ಗಪ್ಪನ ಮೀನಿನ ಬುಟ್ಟಿಯನ್ನು ಕಿಶನ ಕಚ್ಚಾವಸ್ತುವೆಂದು ಒಳಗೆ ಬಿಡುತ್ತಿದ್ದ. ಮಧ್ಯಾಹ್ನ ದುರ್ಗಪ್ಪನನ್ನು ಸಾರ್ವಜನಿಕನೆಂದು ತಡೆಯುತ್ತಿದ್ದ. ಖಾಲಿ ಬೆಂಚುಗಳನ್ನು ನೋಡುತ್ತ ಹೀರಾ, ಒಬ್ಬ ಸುಜಯನಿಗೆ, ಒಂದು ಜೀಪಿಗೆ ಅನ್ನ ಹಾಕಿ ಎಷ್ಟು ದಿನ ಒಲೆ ಉರಿಸಲಿ ಎಂದಳು. ಖಾನಾವಳಿಯನ್ನು ಒಡೆದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಉಳಿಸಿದ್ದರಿಂದ ಅದು ನಿಧಾನವಾಗಿ ಮುಗಿಯುವಂತೆ ಕಂಡಿತು.

ದುರ್ಗಪ್ಪ ನಾಗಶ್ರೀಯನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದ.

“ನಾ ಹಿಡಿದ ಮೀನು ಒಳಗೆ, ನಾ ಹೊರಗೆ. ಇದು ಎಂಥಾ ನ್ಯಾಯ ತಂಗಿ?”

ಉದ್ಯಮಗಳಿಗೆ ಮಾತ್ರ ಪ್ರವೇಶವೆಂದು ನಾಗಶ್ರೀ ಹೇಳಿದಳು. ಉದ್ಯಮ ಎಂದರೆ ಎಂಥದು ಎಂದು ಅವನು ಕೇಳಿದ. ಜಾಗ ಇರಬೇಕು, ಯಂತ್ರ ಇರಬೇಕು, ಏನನ್ನಾದರೂ ತಯಾರಿಸಬೇಕು.

“ಜಾಗ ಸಮುದ್ರ. ಯಂತ್ರ, ದೋಣಿಯ ಇಂಜಿನ್ ಅದೆ. ತಯಾರಿಸೋದು…” ದುರ್ಗಪ್ಪ ಯೋಚಿಸಿದ. “ಮೀನು ನಾ ತಯಾರಿಸೋದಲ್ಲ, ಅದು ಮೊದಲೇ ಇರ್ತದೆ. ಸುಳ್ಳು ಹೇಳಬಾರದು. ಆ ಇಂಜಿನ್ನಿಂದ ಬರೋದು ಹೊಗೆ ಒಂದೇ.”

“ಹೊಗೆ ಅಂತಲೇ ಬರೀತೇನೆ,” ಎಂದಳು ನಾಗಶ್ರೀ.

‘ದುರ್ಗಪ್ಪ ಸಾಗರ ಇಂಜಿನಿಯರಿಂಗ್, ಉತ್ಪನ್ನ: ಹೊಗೆ’ ಎಂದು ನೋಂದಣಿಯಾಯಿತು. ಉತ್ಪನ್ನವೇ ಹೊಗೆಯಾದ್ದರಿಂದ ಮಾಲಿನ್ಯದ ಪ್ರಶ್ನೆ ಏಳಲಿಲ್ಲ. ಮರುದಿನ ಅವನು ಪ್ರಮಾಣಪತ್ರ ತೋರಿಸಿ ಒಳಗೆ ಹೋಗಿ, ತನ್ನ ಬೆಂಚಿನಲ್ಲಿ ಕೂತು ಉಂಡ. ಅವನ ಹಿಂದೆ ವಿಕಾಸ ಬಂದ. ಅವನ ಬಳಿ ಟಿಕೆಟ್ ಯಂತ್ರವಿತ್ತು, ಅದು ಮುದ್ರಣ ಘಟಕವಾಯಿತು. ಸಂಧ್ಯಾ ಟೀಚರಿಗೆ ಯಂತ್ರವಿರಲಿಲ್ಲ. ಶಾಲೆಯ ಗಂಟೆಯನ್ನು ಯಂತ್ರವೆಂದು ಒಪ್ಪಬಹುದೇ ಎಂದು ಕೋಶ ಬೆಂಗಳೂರನ್ನು ಕೇಳಿತು. ಹೊಡೆದರೆ ಸದ್ದು ಬರುತ್ತದೆಯಾದರೆ ಒಪ್ಪಬಹುದು ಎಂದು ಉತ್ತರ ಬಂತು. ಆಮೇಲೆ ಹಾರವಾಡದಿಂದ, ಬೇಲೆಕೇರಿಯಿಂದ, ಅಂಕೋಲೆಯ ಪೇಟೆಯಿಂದ ಉದ್ಯಮಗಳು ಬರತೊಡಗಿದವು. ಹಿಲ್ಲೂರಿನವರು ಜೀಪು ಮಾಡಿಕೊಂಡು ಬಂದು ಒಟ್ಟಿಗೆ ಒಂದು ಕೈಗಾರಿಕಾ ಸಮೂಹವೆಂದು ನೋಂದಾಯಿಸಿಕೊಂಡರು. ಸಾಲು ಹೆದ್ದಾರಿಯ ತನಕ ನಿಲ್ಲುತ್ತಿತ್ತು. ಹೀರಾ ಇನ್ನೂ ಒಂದು ಒಲೆ ಹಾಕಿಸಿದಳು, ಬಯ್ಯುವುದನ್ನೂ ಅದಕ್ಕೆ ತಕ್ಕಂತೆ ವಿಸ್ತರಿಸಿದಳು. ನಾಗಶ್ರೀಯೂ, ಮನೆಗೆ ಊಟಕ್ಕೆ ಹೋಗಬೇಕಾದ್ದರಿಂದ, ಕಾರಣಗಳನ್ನು ಉತ್ಪಾದಿಸುವ ಘಟಕವೆಂದು ನೋಂದಾಯಿಸಿಕೊಂಡಳು.

ವರ್ಷದ ಕೊನೆಯಲ್ಲಿ, ಕೈಗಾರಿಕೆಗಳ ಸಂಖ್ಯೆಯಲ್ಲಿ ಆ ಸಣ್ಣ ಪ್ರದೇಶ ರಾಜ್ಯಕ್ಕೇ ಮುಂದಿತ್ತು. ಮಂಗೇಶರಿಗೆ ಬಡ್ತಿ ಬಂತು; ಬಡ್ತಿಯ ಜೊತೆ ಬಂದ ಬೆಂಗಳೂರಿನ ವರ್ಗಾವಣೆಯನ್ನು ಅವರು ಆರೋಗ್ಯದ ದೃಷ್ಟಿಯಿಂದ ನಿರಾಕರಿಸಿದರು. ಸಣ್ಣ ಊರುಗಳನ್ನು ಕೈಗಾರಿಕೆಗಳು ಯಾಕೆ ಆರಿಸಿಕೊಳ್ಳುತ್ತವೆ ಎಂದು ತಿಳಿಯಲು ರಾಜಧಾನಿಯಿಂದ ಒಂದು ಅಧ್ಯಯನ ತಂಡ ಬಂತು. ತಂಡದವರು ಬಂದರನ್ನು ನೋಡಿದರು, ಹೆದ್ದಾರಿಯನ್ನು ಅಳೆದರು, ನೀರಿನ ಮಾದರಿ ತೆಗೆದರು. ಮಧ್ಯಾಹ್ನ ಕಿಶನ ಅವರನ್ನು ಗೇಟಿನಲ್ಲಿ ತಡೆದು, ಅವರೆಲ್ಲ ಯಾವ ಉದ್ಯಮವೆಂದು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಒಳಗಿನಿಂದ ಬಂಗಡೆ ಸಾರಿನ ಪರಿಮಳ ಬಂತು. ಅಧ್ಯಯನವನ್ನು ತಯಾರಿಸುವ ಉದ್ಯಮವೆಂದು ತಂಡದ ನಾಯಕರು ಹೇಳಿ, ಕೇಳಿದಲ್ಲಿ ಸಹಿ ಹಾಕಿದರು. ಅವರ ಅಧ್ಯಯನ ಇನ್ನೂ ಮುಗಿದಿಲ್ಲ. ಅವಧಿ ವಿಸ್ತರಣೆಗೆ ಅವರು ಕೇಳಿದ್ದಾರೆ, ಅದು ಮಂಜೂರಾಗಿದೆ.

ಎಲ್ಲರೂ ಉಂಡು ಎದ್ದ ಮೇಲೆ ಹೀರಾ ಒಳಗೆ ತಟ್ಟೆ ಹಾಕಿಕೊಂಡು ಕೂರುತ್ತಾಳೆ. ಒಂದು ದಿನ ಅವಳಿಗೆ ಸಂಶಯ ಬಂತು.

“ಇವರೆಲ್ಲ ಉದ್ಯಮ ಆದ್ರು. ನಾ ಎಂಥದು?”

“ನೀ ಉದ್ಯಮ ಅಲ್ಲ ಮಾವಶಿ. ನೀ ಮೂಲಸೌಕರ್ಯ.”

“ಮತ್ತೆ ನಾ ಉಣ್ಣೋದು ಯಾವ ಲೆಕ್ಕದಲ್ಲಿ?”

ನಾಗಶ್ರೀ ನಿಯಮಗಳನ್ನು ಮನಸ್ಸಿನಲ್ಲೇ ಒಮ್ಮೆ ತಿರುವಿ ನೋಡಿದಳು.

“ನಿರ್ವಹಣೆ,” ಎಂದಳು.

ಹೀರಾ ತಲೆಯಾಡಿಸಿ, ಬಂಗಡೆಯ ನಡುವಿನ ತುಂಡನ್ನು ತನ್ನ ತಟ್ಟೆಗೆ ಹಾಕಿಕೊಂಡಳು.